ಅರ್ಧ ಸಿನಿಮಾ ನೋಡಿದವಳು

“ಅಜ್ಜಾರೇ, ನಿಜವಾದ ಅಭಿಮಾನಿ ಅಂದರೆ ಯಾರು?”

ಕೇಳಿದವನು ಫಕೀರೇಶ. ಊರ ಅಂಚಿನ ಸಣ್ಣ ಮಠದಲ್ಲಿ ಗುರುಬಸವಯ್ಯನವರು ಪ್ರತಿ ಸೋಮವಾರ ಬೆಳಿಗ್ಗೆ ಹತ್ತು ಹನ್ನೆರಡು ಮಂದಿಗೆ ವಚನಗಳ ಪಾಠ ಹೇಳುತ್ತಿದ್ದರು. ಊರವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಪಾಠ ಮುಗಿದ ಮೇಲೆ ಯಾರು ಏನು ಬೇಕಾದರೂ ಕೇಳಬಹುದಿತ್ತು. ಆದರೆ ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

“ಯಾರ ಅಭಿಮಾನಿ? ಶರಣರದೋ?” ಎಂದರು ಅಜ್ಜಾರು.

“ಅಲ್ಲ. ಸಿನಿಮಾದ ಅಭಿಮಾನಿ.”

ಕೂತವರು ನಕ್ಕರು. ಅಜ್ಜಾರು ನಗಲಿಲ್ಲ. “ನಗುವಂಥದ್ದೇನೂ ಇಲ್ಲ. ಅವನ ಮುಖ ನೋಡಿ, ಊಟ ಬಿಟ್ಟವನ ಹಾಗೆ ಆಗಿದೆ. ಪೂರ್ತಿ ಹೇಳಪ್ಪ” ಎಂದರು.

ಫಕೀರೇಶ ಹೇಳಿದ. ಅವನಿಗೂ ಅವನ ಅಣ್ಣ ಬಸವಂತನಿಗೂ ಒಂದೇ ಸಿನಿಮಾದ ಹುಚ್ಚು. ಮೊದಲ ಭಾಗ ಗೆದ್ದ ಮೇಲೆ ಅದಕ್ಕೆ ಎರಡನೆಯದು ಬಂದಿತ್ತು, ಮೂರನೆಯದು ಬಂದಿತ್ತು, ಈಗ ನಾಲ್ಕನೆಯದು ಬರುವುದರಲ್ಲಿತ್ತು. ಮೊದಲ ಭಾಗವನ್ನು ಫಕೀರೇಶ ನೋಡಿದ್ದು ಅಣ್ಣನ ತೊಡೆಯ ಮೇಲೆ ಕೂತು. ಮೂರನೆಯದು ಬಂದಾಗ ಅವನಿಗೆ ಕಾಮಾಲೆ ಆಗಿತ್ತು. ಯಾರೋ ಕಳಿಸಿದ ಕಳ್ಳ ಪ್ರತಿಯನ್ನು ಹಾಸಿಗೆಯಲ್ಲೇ ಮಲಗಿ ಮೊಬೈಲಿನಲ್ಲಿ ನೋಡಿಬಿಟ್ಟ. ಗುಣವಾದ ಮೇಲೆ ಅಭಿಮಾನಿಗಳ ಸಂಘದ ಸಭೆಗೆ ಹೋದಾಗ ಅಣ್ಣ ಎಲ್ಲರ ಎದುರು, “ಮೊಬೈಲಿನಲ್ಲಿ ನೋಡಿದವನು ಅಭಿಮಾನಿಯೇ ಅಲ್ಲ” ಎಂದ. ತಮ್ಮ ಬಿಟ್ಟಾನೆಯೇ? “ಎರಡನೇ ಭಾಗಕ್ಕೆ ಟಾಕೀಸಿನಲ್ಲಿ ಗೊರಕೆ ಹೊಡೆದವನು ನೀನು” ಎಂದ. ಅಂದಿಗೆ ಮಾತು ನಿಂತಿತು. ಫಕೀರೇಶ ಬೇರೆ ಕೋಣೆ ಹಿಡಿದ. ಎಂಟು ತಿಂಗಳಾಯಿತು. ನಡುವೆ ಅಣ್ಣನಿಗೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ಅತ್ತಿಗೆ ಎರಡೆರಡು ಸಲ ಹೇಳಿಕಳಿಸಿದರೂ ಫಕೀರೇಶ ಹೋಗಲಿಲ್ಲ. ಮಗುವಿನ ಮುಖವನ್ನು ಅವನು ಇನ್ನೂ ನೋಡಿಲ್ಲ.

“ನೀವೊಂದು ಮಾತು ಹೇಳಿಬಿಡಿ, ಅಜ್ಜಾರೇ. ನಿಮ್ಮ ಮಾತೆಂದರೆ ಅವನು ಒಪ್ಪುತ್ತಾನೆ. ನಾನು ನಿಜವಾದ ಅಭಿಮಾನಿ ಎಂದು ಅವನು ಒಪ್ಪಿದರೆ ನನಗೆ ಅಷ್ಟೇ ಸಾಕು.”

“ನಿನಗೆ ತೀರ್ಪು ಬೇಕೋ, ಕತೆ ಬೇಕೋ?”

“ಕತೆಯ ಒಳಗೆ ತೀರ್ಪು ಇರುತ್ತದೆ ಎಂದಾದರೆ ಕತೆಯನ್ನೇ ಹೇಳಿ.”

“ಜಾಣ” ಎಂದರು ಅಜ್ಜಾರು. ಕಾಲು ನೀಡಿ ಗೋಡೆಗೆ ಒರಗಿ ಕತೆ ಶುರು ಮಾಡಿದರು.

ಒಂದು ಊರು. ಊರಿಗೆ ಒಂದೇ ಟಾಕೀಸು. ಆ ಟಾಕೀಸಿಗೆ ಒಂದು ಸಿನಿಮಾ ಬಂತು. ಹೆಸರು ಕೇಳಬೇಡ. ಹೆಸರು ಹೇಳಿದರೆ ನೀನು ನನ್ನ ಕತೆ ಬಿಟ್ಟು ಆ ಸಿನಿಮಾದ ಬೆನ್ನು ಹತ್ತುತ್ತೀಯ. ನಾಯಕ ಒಬ್ಬ ಲಾರಿ ಡ್ರೈವರು. ಕೆಟ್ಟವರನ್ನು ಹಿಡಿದು ಬಡಿಯುತ್ತಾನೆ. ಅಷ್ಟು ಗೊತ್ತಿದ್ದರೆ ಸಾಕು.

ಜನ ಮುಗಿಬಿದ್ದು ನೋಡಿದರು. ಎರಡನೇ ಭಾಗ ಬಂತು, ಮೂರನೆಯದು ಬಂತು. ಊರಲ್ಲಿ ಒಂದು ಅಭಿಮಾನಿಗಳ ಸಂಘವಾಯಿತು. ಸಂಘಕ್ಕೆ ಒಂದು ಪದ್ಧತಿ ಇತ್ತು. ಹೊಸ ಭಾಗ ಬಂದ ದಿನ, ಮೊದಲ ಆಟಕ್ಕೆ ಮುಂಚೆ, ಟಾಕೀಸಿನ ಮುಂದೆ ನಿಲ್ಲಿಸಿದ ನಾಯಕನ ಕಟೌಟಿಗೆ ಬೂದಗುಂಬಳ ಒಡೆಯುವುದು. ಅದನ್ನು ಎಲ್ಲರೂ ಒಡೆಯುವ ಹಾಗಿಲ್ಲ. ಊರಲ್ಲಿ ಯಾರು ಎಲ್ಲರಿಗಿಂತ ನಿಜವಾದ ಅಭಿಮಾನಿಯೋ ಅವನು ಒಡೆಯಬೇಕು. ಉಳಿದವರು ಅವನ ಹಿಂದೆ ಒಳಗೆ ಹೋಗಬೇಕು.

ನಾಲ್ಕನೇ ಭಾಗ ಬರುವ ಹೊತ್ತಿಗೆ ಮೂವರು ಎದ್ದು ನಿಂತರು. ಒಬ್ಬ ಕಾಳು ವ್ಯಾಪಾರಿ. ಅವನು ಮೊದಲ ಭಾಗವನ್ನೇ ಐವತ್ತೆರಡು ಸಲ ನೋಡಿದವನು. ಐವತ್ತೆರಡು ಟಿಕೆಟ್ಟುಗಳನ್ನೂ ಒಂದು ದಾರಕ್ಕೆ ಪೋಣಿಸಿ ಇಟ್ಟುಕೊಂಡಿದ್ದ. ಇನ್ನೊಬ್ಬ ಪೈಲ್ವಾನ. ಅವನು ಎದೆಯ ಮೇಲೆ ನಾಯಕನ ಮುಖದ ಹಚ್ಚೆ ಹಾಕಿಸಿಕೊಂಡಿದ್ದ. ಮೈ ಇಳಿದ ಹಾಗೆ ನಾಯಕನ ಮುಖವೂ ಇಳಿದಿತ್ತು, ಅದು ಬೇರೆ ಮಾತು. ಮೂರನೆಯವನು ಟೆಂಪೊ ಓಡಿಸುವವನು. ಅವನು ದೊಡ್ಡ ಮಗನಿಗೆ ನಾಯಕನ ಹೆಸರಿಟ್ಟಿದ್ದ. ಸಣ್ಣ ಮಗನಿಗೆ ಖಳನಾಯಕನ ಹೆಸರಿಟ್ಟಿದ್ದ. ಮನೆಯಲ್ಲಿ ದಿನಾ ಸಿನಿಮಾ ನಡೆಯುತ್ತಿತ್ತು ಅನ್ನು.

ನಗಬೇಡ, ಫಕೀರೇಶ. ಇವರನ್ನು ಹಂಗಿಸಲು ನಾನು ಈ ಕತೆ ಹೇಳುತ್ತಿಲ್ಲ. ಮೂವರದೂ ಪ್ರೀತಿಯೇ. ಆದರೆ ಮೂವರೂ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟಿದ್ದರು. ಮೊದಲ ಭಾಗಕ್ಕೆ ಒಂದೇ ಸೈಕಲ್ಲಿನಲ್ಲಿ ಬಂದ ಗೆಳೆಯರು ಅವರು.

ಸಂಘದ ಅಧ್ಯಕ್ಷ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಎಲ್ಲದಕ್ಕೂ ಪರೀಕ್ಷೆ ಇಡುವ ಮನುಷ್ಯ. ಒಂದು ಭಾನುವಾರ ಮಧ್ಯಾಹ್ನ ಟಾಕೀಸಿನ ಮೆಟ್ಟಿಲ ಮೇಲೆ ಊರೆಲ್ಲ ಕೂಡಿತು. ಅವನು ಪ್ರಶ್ನೆ ಕೇಳಿದ. ಲಾರಿಯ ನಂಬರು ಎಷ್ಟು? ಮೂವರೂ ಹೇಳಿದರು. ಎರಡನೇ ಭಾಗದ ದೊಡ್ಡ ಹೊಡೆದಾಟದಲ್ಲಿ ನಾಯಕನ ಅಂಗಿಯ ಎಷ್ಟು ಗುಂಡಿ ಕಿತ್ತುಹೋದವು? ಮೂವರೂ ಹೇಳಿದರು. ಮೂರನೇ ಭಾಗದಲ್ಲಿ ಖಳನಾಯಕ ಚಹಾಕ್ಕೆ ಎಷ್ಟು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ? ಅದನ್ನೂ ಹೇಳಿದರು. ಅಧ್ಯಕ್ಷನ ಹತ್ತಿರ ಇದ್ದ ಪ್ರಶ್ನೆಗಳೆಲ್ಲ ಖಾಲಿಯಾದವು. ತೀರ್ಪು ಆಗಲಿಲ್ಲ.

ಆಗ ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದಳು. ಬೇರೆ ಊರಿನವಳು. ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿದು ಮಾರುವವಳು. ವಯಸ್ಸು ಐವತ್ತು ದಾಟಿತ್ತು. ಕೈಯಲ್ಲಿ ಒಂದು ರಟ್ಟಿನ ಚೀಟಿ ಹಿಡಿದಿದ್ದಳು.

“ಇದನ್ನು ಯಾರ ಕೈಗೆ ಕೊಡಬೇಕಪ್ಪ?” ಎಂದಳು.

ಅದು ಗೇಟ್ ಪಾಸು. ನಿಮಗೆ ಗೊತ್ತಿರಲಿಕ್ಕಿಲ್ಲ. ಹಿಂದೆ ಇಂಟರ್ವಲ್ಲಿನಲ್ಲಿ ಚಹಾ ಕುಡಿಯಲು ಹೊರಗೆ ಹೋಗುವವರಿಗೆ ಗೇಟಿನವನು ಒಂದು ರಟ್ಟಿನ ಚೀಟಿ ಕೊಡುತ್ತಿದ್ದ. ಗಂಟೆ ಹೊಡೆದ ಮೇಲೆ ಅದನ್ನು ಅವನ ಕೈಗೆ ತಿರುಗಿ ಕೊಟ್ಟರೆ ಒಳಗೆ ಬಿಡುತ್ತಿದ್ದ. ಟಾಕೀಸು ಅದನ್ನು ಕೊಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು.

ಅಧ್ಯಕ್ಷ ಅವಳನ್ನೂ ಸ್ಪರ್ಧೆಗೆ ಬಂದವಳು ಎಂದೇ ತಿಳಿದ. ಅವನ ತಲೆ ಹಾಗೇ ಓಡುವುದು.

“ನೀನು ಈ ಸಿನಿಮಾ ಎಷ್ಟು ಸಲ ನೋಡಿದ್ದೀಯಮ್ಮ?”

“ಅರ್ಧ ಸಲ.”

ಮೆಟ್ಟಿಲ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ಪೈಲ್ವಾನನ ಎದೆಯ ಮೇಲೆ ನಾಯಕನೂ ಕುಲುಕಿದ. ಅವಳಿಗೆ ಬೇಸರವಾಗಲಿಲ್ಲ. ನಗು ನಿಲ್ಲುವ ತನಕ ಕಾದಳು. ಆಮೇಲೆ ಯಾರೂ ಕೇಳದಿದ್ದರೂ ಹೇಳಿದಳು.

ಹನ್ನೆರಡು ವರ್ಷದ ಹಿಂದೆ, ಮೊದಲ ಭಾಗ ನಡೆಯುತ್ತಿದ್ದಾಗ, ಅವಳು ಈ ಊರಿಗೆ ಕೌದಿ ಮಾರಲು ಬಂದಿದ್ದಳು. ಕೌದಿ ಬೇಗ ಮಾರಾಟವಾದವು. ಅವಳ ಊರಿನ ಬಸ್ಸಿಗೆ ಇನ್ನೂ ಮೂರು ತಾಸು ಇತ್ತು. ಹೊರಗೆ ಕೆಂಡದಂಥ ಬಿಸಿಲು. ನೆರಳಿಗೆಂದು ಟಿಕೆಟ್ಟು ತೆಗೆದು ಟಾಕೀಸಿನ ಒಳಗೆ ಹೋದಳು. ಹೊಡೆದಾಟ ಶುರುವಾದಾಗ ಕಣ್ಣು ಮುಚ್ಚಿಕೊಂಡಳು. ಒಂದು ಜೊಂಪೂ ಹತ್ತಿತು. ಎಚ್ಚರವಾದಾಗ ಹೊಡೆದಾಟ ಮುಗಿದಿತ್ತು. ತೆರೆಯ ಮೇಲೆ ಒಂದು ಮುಚ್ಚಿದ ಬಾಗಿಲು. ಬಾಗಿಲ ಮುಂದೆ ನಾಯಕ.

“ಅದು ಅವನ ಅಣ್ಣನ ಮನೆ” ಎಂದಳು ಅವಳು. “ಅಣ್ಣ ತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿದ್ದವು. ಅವನು ಬಾಗಿಲು ಬಡಿಯಲು ಕೈ ಎತ್ತಿದ. ಇಳಿಸಿದ. ಮತ್ತೆ ಎತ್ತಿದ. ಇಳಿಸಿದ. ಮೂರು ಸಲ ಹೀಗೇ. ಅಷ್ಟು ಜನರನ್ನು ಹೊಡೆದು ಬಂದವನಿಗೆ ಒಂದು ಬಾಗಿಲು ಬಡಿಯುವುದು ಆಗಲಿಲ್ಲ. ನಾಲ್ಕನೇ ಸಲ ಬಡಿದ. ಒಳಗೆ ಹೆಜ್ಜೆಯ ಸಪ್ಪಳ ಬಂತು. ಚಿಲಕ ತೆಗೆಯುವ ಸಪ್ಪಳ ಬಂತು. ಅಷ್ಟರಲ್ಲಿ ಲೈಟು ಹತ್ತಿತು, ಇಂಟರ್ವಲ್ಲು.”

“ಇಂಥ ಸೀನು ಇಲ್ಲವೇ ಇಲ್ಲ. ಇಂಟರ್ವಲ್ ಆದ ಮೇಲೆ ಅಣ್ಣ ಬಾಗಿಲು ತೆಗೆಯುತ್ತಾನೆ, ಅಷ್ಟೇ” ಎಂದ ಕಾಳು ವ್ಯಾಪಾರಿ.

“ನಿದ್ದೆಯಲ್ಲಿ ಕನಸು ಕಂಡಿರಬೇಕು” ಎಂದ ಟೆಂಪೊದವನು. ಐವತ್ತೆರಡು ಸಲ ನೋಡಿದವನೇ ಇಲ್ಲ ಎನ್ನುವಾಗ ಇದೆ ಎನ್ನುವವರು ಯಾರು? ಊರಿಗೆ ಊರೇ ಇಲ್ಲ ಎಂದಿತು. ಅಧ್ಯಕ್ಷ ಟಾಕೀಸಿನ ಗೇಟಿನವನನ್ನು ಕರೆಸಿದ. ಗೇಟಿನವನು ಮುದುಕ. ಮೂವತ್ತು ವರ್ಷ ಅದೇ ಬಾಗಿಲಲ್ಲಿ ನಿಂತವನು.

“ಇದೆ” ಎಂದ ಅವನು. “ಇಂಟರ್ವಲ್ಲಿಗೆ ಮುಂಚಿನ ಎರಡು ನಿಮಿಷ ಅದೇ. ನೀವು ಯಾರೂ ಅದನ್ನು ನೋಡಿಲ್ಲ. ಹೊಡೆದಾಟ ಮುಗಿಯಿತೋ ಇಲ್ಲವೋ, ಆಮೇಲೆ ಗದ್ದಲವಾಗುತ್ತದೆ ಎಂದು ಎಲ್ಲರೂ ಎದ್ದು ಮಿರ್ಚಿ ಮಂಡಕ್ಕಿ ಅಂಗಡಿಗೆ ಓಡುತ್ತೀರಿ. ನಾನೇ ತಾನೇ ನಿಮಗೆ ಬಾಗಿಲು ತೆಗೆದುಕೊಡುವವನು.”

ನೋಡು, ಇಂಥ ತಪ್ಪನ್ನು ಹೊಸಬ ಮಾಡುವುದಿಲ್ಲ. ಹೊಸಬನಿಗೆ ಮುಂದೆ ಏನು ಬರುತ್ತದೋ ಗೊತ್ತಿರುವುದಿಲ್ಲ, ಪಾಪ, ಕಣ್ಣು ಬಿಟ್ಟುಕೊಂಡು ಕೂತಿರುತ್ತಾನೆ. ಯಾವಾಗ ಎದ್ದರೆ ಮಿರ್ಚಿ ಬಿಸಿಯಾಗಿ ಸಿಗುತ್ತದೆ ಎಂಬ ಲೆಕ್ಕ ಹಳಬನಿಗೇ ಗೊತ್ತು. ಕಾಳು ವ್ಯಾಪಾರಿ ಐವತ್ತೆರಡು ಸಲವೂ ಆ ಬಾಗಿಲಿಗೆ ಬೆನ್ನು ಹಾಕಿ ಹೋಗಿದ್ದ. ಅವನು ಟಿಕೆಟ್ಟಿನ ಸರವನ್ನು ಕಿಸೆಯ ಒಳಗೆ ಇಟ್ಟುಕೊಂಡ.

ಹೆಂಗಸು ತನ್ನ ಮಾತು ಮುಂದುವರಿಸಿದಳು. ಅವಳಿಗೆ ಒಬ್ಬ ಅಕ್ಕ ಇದ್ದಳು. ತಾಯಿ ತೀರಿಕೊಂಡಾಗ ಮಣ್ಣಿಗೆ ಈ ತಂಗಿ ತಡವಾಗಿ ಹೋದಳು. ಅಕ್ಕ ಒಂದು ಮಾತು ಅಂದಳು. ಇವಳು ಎರಡು ಅಂದಳು. ಒಂಬತ್ತು ವರ್ಷ ಒಬ್ಬರ ಮನೆಯ ನೀರು ಒಬ್ಬರು ಕುಡಿಯಲಿಲ್ಲ. ಎರಡು ಊರುಗಳ ನಡುವೆ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ನಡುವೆ ಎರಡು ಸಲ ಅವಳು ಅಕ್ಕನ ಊರಿನ ಬಸ್ಸು ಹತ್ತಿದ್ದಳು. ಎರಡು ಸಲವೂ ಅರ್ಧ ದಾರಿಯಲ್ಲಿ ಇಳಿದು ತಿರುಗಿ ಬಂದಿದ್ದಳು. ಮೊದಲು ಹೋದವರು ಸೋತವರು ಎಂದು ಅವಳ ಮನಸ್ಸಿನಲ್ಲಿತ್ತು.

“ಅವನ ಕೈ ನೋಡಿ ನನಗೆ ನನ್ನ ಕೈ ನೋಡಿದ ಹಾಗಾಯಿತು” ಎಂದಳು. “ನನ್ನ ಕೈಗೆ ಈ ಚೀಟಿ ಬಂತು. ಗಂಟೆ ಹೊಡೆಯುವುದರೊಳಗೆ ಬಾ ಎಂದ ಇವನು. ನಾನು ಚಹಾದ ಅಂಗಡಿ ದಾಟಿ ಬಸ್ ನಿಲ್ದಾಣಕ್ಕೆ ಹೋದೆ. ನಮ್ಮ ಊರಿನ ಬಸ್ಸು ಹತ್ತಲಿಲ್ಲ. ಅಕ್ಕನ ಊರಿನದು ಹತ್ತಿದೆ. ಅರ್ಧ ದಾರಿಯಲ್ಲಿ ಇಳಿಯಲೂ ಇಲ್ಲ.”

ಟೆಂಪೊದವನಿಗೆ ಸುಮ್ಮನಿರುವುದು ಗೊತ್ತಿಲ್ಲ. “ಹಾಗಾದರೆ ಇಂಟರ್ವಲ್ ಆದ ಮೇಲೆ ಏನಾಯಿತು ಅಂತ ನಿನಗೆ ಗೊತ್ತೇ ಇಲ್ಲವಲ್ಲಮ್ಮ! ಬಾಗಿಲು ತೆಗೆದ ಅಣ್ಣ ಏನಂದ ಅಂದರೆ...”

“ಬೇಡಪ್ಪ, ಹೇಳಬೇಡ” ಎಂದಳು ಅವಳು. “ನನ್ನ ಅಕ್ಕ ಏನಂದಳು ಅನ್ನುವುದು ನನಗೆ ಗೊತ್ತು.”

ಅಕ್ಕ ದೊಡ್ಡ ಮಾತೇನೂ ಆಡಿರಲಿಲ್ಲ. ಕಾಲಿಗೆ ನೀರು ಕೊಟ್ಟು, ಬಿಸಿಲಲ್ಲಿ ಬಂದಿದ್ದೀಯ, ಮೊದಲು ಊಟ ಮಾಡು ಎಂದಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತಿದ್ದಳು. ಅಲ್ಲಿಂದ ಹನ್ನೆರಡು ವರ್ಷ ಅಕ್ಕ ತಂಗಿ ಪ್ರತಿ ನಾಗರಪಂಚಮಿಗೂ ಕೂಡಿದರು. ಜೋಕಾಲಿ ಆಡಿದರು, ಉಂಡಿ ಕಟ್ಟಿದರು, ಜಗಳವನ್ನೂ ಆಡಿದರು, ಅದೇ ಸಂಜೆ ಮಾತಾಡಿದರು. ಒಂದೇ ಕೌದಿಯನ್ನು ಆ ತುದಿಯಿಂದ ಒಬ್ಬಳು, ಈ ತುದಿಯಿಂದ ಒಬ್ಬಳು ಹೊಲಿದರು. ಹೋದ ತಿಂಗಳು ಅಕ್ಕ ತೀರಿಕೊಂಡಳು. ಈ ಸಲ ಅವಳು ತಡವಾಗಿ ಹೋಗಲಿಲ್ಲ. ಅಕ್ಕನ ತಲೆ ಅವಳ ತೊಡೆಯ ಮೇಲಿತ್ತು.

“ನನಗೆ ಹನ್ನೆರಡು ವರ್ಷ ಸಿಕ್ಕಿತು” ಎಂದಳು. “ಅದರಲ್ಲಿ ಒಂದು ದಿನವೂ ನನ್ನ ಗಳಿಕೆಯಲ್ಲ. ಕೊಟ್ಟವರಿಗೆ ಒಂದು ಮಾತು ಹೇಳಿ ಹೋಗಬೇಕು ಎಂದು ಮನಸ್ಸಾಯಿತು. ಆ ಸಿನಿಮಾ ಮಾಡಿದವರು ಯಾರೋ, ಯಾವ ಊರಿನವರೋ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರುತ್ತದೆ. ಹೀಗೆ ಒಬ್ಬಳು ಬಂದಿದ್ದಳು, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದಳು ಅಂತ ತಿಳಿಸಿ. ಈ ಚೀಟಿ ಟಾಕೀಸಿನದು. ನಾನು ಇಟ್ಟುಕೊಳ್ಳುವುದು ಸರಿಯಲ್ಲ.”

ಎರಡೂ ಕೈಯಲ್ಲಿ ಚೀಟಿ ಹಿಡಿದು ಕೊಟ್ಟಳು. ಅಧ್ಯಕ್ಷ ಎರಡೂ ಕೈ ಒಡ್ಡಿ ತೆಗೆದುಕೊಂಡ. ಜೀವಮಾನವೆಲ್ಲ ಇನ್ನೊಬ್ಬರಿಗೆ ನೆಟ್ಟಗೆ ನಿಲ್ಲು ಎಂದು ಹೇಳಿದ ಮನುಷ್ಯ, ಆಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದು ಮೆಟ್ಟಿಲು ಕೆಳಗೆ ಇಳಿದ. ಪೈಲ್ವಾನ ಅಂಗಿಯ ಗುಂಡಿ ಹಾಕಿಕೊಂಡ. ಗೇಟಿನ ಮುದುಕ ಅವಳಿಗೆ ಕುಡಿಯಲು ನೀರು ತಂದುಕೊಟ್ಟ. ಅವಳು ಕುಡಿದು, ಲೋಟ ತೊಳೆದಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟಳು.

ನನಗೆ ಈ ಕತೆ ಹೇಳಿದವನು ಆ ಗೇಟಿನ ಮುದುಕನೇ. “ಮೂವತ್ತು ವರ್ಷ ನಾನು ಬರೀ ಬಾಗಿಲು ಕಾದೆ ಎಂದುಕೊಂಡಿದ್ದೆ, ಅಜ್ಜಾರೇ. ಆ ಬಾಗಿಲಿನಿಂದ ಒಬ್ಬಳು ಅಕ್ಕನ ಮನೆಗೆ ಹೋಗಿದ್ದಳು, ನೋಡಿ. ನನ್ನ ಸಂಬಳ ಅಂದೇ ಮುಟ್ಟಿತು” ಎಂದ. ಸುಳ್ಳು ಹೇಳುವುದು ಏಕೆ, ನನಗೆ ಕಣ್ಣು ತುಂಬಿತು. ನಾನೂ ಎಷ್ಟೋ ವರ್ಷದಿಂದ ಸೋಮವಾರಕ್ಕೊಮ್ಮೆ ಹೀಗೆ ಕೂತು ಹೇಳುತ್ತಲೇ ಇದ್ದೇನೆ. ಕೇಳಿದವರಲ್ಲಿ ಯಾರಾದರೂ ಒಬ್ಬರು ನಡುವೆ ಎದ್ದು ಹೋಗಿದ್ದರೆ ಅವರಿಗೆ ನನ್ನ ಶರಣು.

ಅವಳು ಹೋದ ಮೇಲೆ ಅಧ್ಯಕ್ಷ ಇಳಿದ ಮೆಟ್ಟಿಲನ್ನು ಮತ್ತೆ ಹತ್ತಿದ. ಬೂದಗುಂಬಳವನ್ನು ಯಾರು ಒಡೆಯಬೇಕು ಎಂದು ಹೇಳಲು ಬಾಯಿ ತೆರೆದ.

ಇಷ್ಟು ಹೇಳಿ ಅಜ್ಜಾರು ಕತೆ ನಿಲ್ಲಿಸಿದರು. ಚೆಂಬು ಎತ್ತಿ ಒಂದು ಗುಟುಕು ನೀರು ಕುಡಿದರು. ಹೊದ್ದ ಶಾಲು ಸರಿ ಮಾಡಿಕೊಂಡರು. ಫಕೀರೇಶ ಕಾದ. ಉಳಿದವರೂ ಕಾದರು.

“ಆಮೇಲೆ, ಅಜ್ಜಾರೇ? ಅಧ್ಯಕ್ಷ ಯಾರ ಹೆಸರು ಹೇಳಿದ? ಕತೆ ಅರ್ಧಕ್ಕೇ ನಿಂತಿತಲ್ಲ” ಎಂದ ಫಕೀರೇಶ.

“ಇದು ಇಂಟರ್ವಲ್ಲು, ಫಕೀರೇಶ, ನಿನ್ನ ಅಣ್ಣನ ಮನೆ ಇಲ್ಲಿಂದ ನಾಲ್ಕನೇ ಓಣಿ” ಎಂದರು ಅಜ್ಜಾರು.

ಫಕೀರೇಶ ಎದ್ದು ಚಪ್ಪಲಿ ಮೆಟ್ಟಿಕೊಂಡ.